ಮೂರು ಇಂಚು ಕಳೆದು

ರಾಯದುರ್ಗದಲ್ಲಿ ಕರೆಂಟು ಹೋದರೆ
ಬೀದಿಯ ಮಿಷಿನ್ನುಗಳೆಲ್ಲ ಒಮ್ಮೆಗೇ ಉಸಿರು ಬಿಡುತ್ತವೆ.
ಅಂಥ ಹೊತ್ತಿನಲ್ಲಿ ಬಾಗಿಲಿಗೆ ಬಂದು ನಿಂತ ಗಾದಿಲಿಂಗ,
ಕಂಬಳಿಯೊಳಗೆ ಏನೋ ಮಿಸುಕುತ್ತಿತ್ತು.
‘ಸುಂಕಕ್ಕಾ, ಕೈ ಎರಡೇ ಅದಾವು.
ನಿನ್ನೆ ದಾರ್ಯಾಗ ಮೂರು ಈದ್ವು.
ಕೋಲು ಹಿಡೀಲೋ, ಮರಿ ಹಿಡೀಲೋ?’

ಹನ್ನೊಂದು ವರ್ಷ ಜೀನ್ಸು ಕತ್ತರಿಸಿದವಳು ನಾನು,
ನನಗೆ ಗೊತ್ತಿದ್ದದ್ದು ಕಾಲಿಗೆ ದಾರಿ ಬಿಡುವುದು.
ನಾಲ್ಕು ಕಾಲೆಂದರೆ ಎರಡು ಪ್ಯಾಂಟು, ಅಷ್ಟೇ ತಾನೆ?
ಸಿಮೆಂಟು ಚೀಲದ ಕಾಗದ ಬಿಡಿಸಿ ಗೀಚಿಕೊಂಡು
ಬಂಡಲ್ಲಿನಲ್ಲಿ ಮಿಕ್ಕ ಡೆನಿಮ್ಮಿನಲ್ಲಿ
ನಾಲ್ಕು ತೂತಿನ ಚೀಲ ಹೊಲಿದುಕೊಟ್ಟೆ.

ಮರಿ ಅದರೊಳಗೆ ಗಾಳಿಯ ಮೇಲೇ ಓಡಿತಂತೆ,
ಕೆರೆ ಏರಿ ಮುಗಿಯುವಷ್ಟರಲ್ಲಿ
ಅವನ ಪಕ್ಕೆಲುಬಿಗೆ ನೂರು ಒದೆ.
ನಗುತ್ತಲೇ ವಾಪಸು ತಂದಿಟ್ಟ.

ಎರಡನೆಯದಕ್ಕೆ ತೂತಿಲ್ಲ, ಬಾಯಿಗೆ ಝಿಪ್ಪು,
ಮೂಲೆ ಮೂಲೆಗೆ ರಿವೆಟ್ಟು, ಹದಿನೆಂಟನೇ ನಂಬರಿನ ಸೂಜಿ.
ಭಾನುವಾರ ಒಳಗೆ ಎರಡು ಇಟ್ಟಿಗೆ ಹಾಕಿಕೊಂಡು
ಕೋಟೆಯ ಗುಡ್ಡ ಹತ್ತಿ ಇಳಿದೆ. ದಾರ ಮಿಸುಕಲಿಲ್ಲ.
ಇಟ್ಟಿಗೆ ಉಚ್ಚೆ ಹೊಯ್ಯುವುದಿಲ್ಲ ಎನ್ನುವುದು
ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಕಣೇಕಲ್ಲಿನ ಮರಳದಿಬ್ಬದ ಹತ್ತಿರ
ಸಂಜೆ ಅವಳಿ ಮರಿಗಳನ್ನು ಹೊರಗೆ ತೆಗೆದನಂತೆ.
ಎರಡೂ ನೀಲಿ.
ಒದ್ದೆಯಾದ ಬಟ್ಟೆ ಬಣ್ಣ ಬಿಟ್ಟಿತ್ತು.
ತಾಯಿ ಬಂತು, ಮೂಸಿತು,
ಮೂಸಿ ಗುದ್ದಿತು.
ಅದರ ಹಾಲನ್ನೇ ಕರೆದು ಮರಿಗಳ ಮೈಗೆ ಸವರಿ
ಇರುಳೆಲ್ಲ ಮೊಲೆಗೆ ಒತ್ತಿ ಹಿಡಿದರೂ
ಬೆಳಗಿಗೆ ಒಂದನ್ನು ಒಪ್ಪಿತು.
ಇನ್ನೊಂದರ ಮಾತು ಅವನು ಆಡಲಿಲ್ಲ.
ಚೀಲ ಮಾತ್ರ ತೊಳೆದು, ಮಡಚಿ, ಮೇಜಿನ ಮೇಲಿಟ್ಟ.

ಆ ವಾರ ಪೀಸಿನ ಕೂಲಿ ಬಿಟ್ಟು ನಾನೂ ಹಿಂಡಿನ ಜೊತೆ ನಡೆದೆ.
ಚಪ್ಪಲಿಯೊಳಗೆ ಹಗರಿಯ ಉಸುಕು, ಮೂಗಿಗೆ ಉಣ್ಣೆಯ ಧೂಳು,
ಅವನ ಹೆಂಡತಿ ಹನುಮಕ್ಕ ಮುಂದೆ ಕತ್ತೆಯ ಸಂಗಡ.
ಹಿಂದಿನಿಂದ ನೋಡಿದರೆ ಕಂಡಿತು:
ಮರಿ ಹೊತ್ತವನ ಬೆನ್ನಿಗೆ ಬಿದ್ದು ತಾಯಿ ಬರುತ್ತದೆ,
ಕುತ್ತಿಗೆ ಚಾಚಿ, ಕರೆಯುತ್ತ,
ಸಿಗದ ವಾಸನೆಗೆ ಹುಚ್ಚಾಗಿ.
ನಾನು ಇಷ್ಟು ದಿನ ಅಳೆದದ್ದು ಅವನ ಬೆನ್ನು.
ಅಳೆಯಬೇಕಾದದ್ದು ಅದರ ಮೂಗಿನ ಎತ್ತರ.

ಮಂಡಿಯೂರಿ ಟೇಪು ಹಿಡಿದೆ.
‘ನಿಂತ್ಕಳೇ ತಾಯಿ’ ಎಂದು ಗಾದಿಲಿಂಗ ಕಿವಿ ಹಿಡಿದುಕೊಂಡ.
ಇಪ್ಪತ್ತಾರು ಎಂದು ಓದುವಷ್ಟರಲ್ಲಿ
ಟೇಪಿನ ತುದಿ ಅದರ ಬಾಯಲ್ಲಿತ್ತು.

ಈಗಿನ ಚೀಲ ಸೊಂಟದಿಂದ ಕೆಳಗೆ ಜೋಲುತ್ತದೆ,
ನೋಡಲು ಚೆಂದವಿಲ್ಲ.
ಒಳಗೆ ಅವನದೇ ಹಳೇ ಕಂಬಳಿ, ಒಗೆಯದ್ದು
(ಒಗೆಯಲು ಹೋದವಳನ್ನು ಹನುಮಕ್ಕ ಬೈದಳು),
ಅಡಿಗೆ ಬಿಚ್ಚಿ ಜಾಡಿಸುವ ಯೂರಿಯಾ ಚೀಲದ ತುಂಡು,
ಹಿಂಬದಿಗೆ ಈರುಳ್ಳಿ ಚೀಲದ ಜಾಲರಿಯ ಕಿಟಕಿ.
ಡೆನಿಮ್ಮು ಪಟ್ಟಿಗೆ ಮಾತ್ರ, ಮೂರು ಸಲ ಒಗೆದದ್ದು.
ಹಳದಿ ದಾರದ ಜೋಡಿ ಹೊಲಿಗೆ ಬೇಕೇ ಬೇಕೆಂದು ಹಟ ಹಿಡಿದ.
ಮೊಬೈಲಿಗೆ ಜೇಬು ಕೇಳಿದ, ಅದನ್ನೂ ಇಟ್ಟೆ.
ರಿಜೆಕ್ಟಾದ ಮಾಲಿನ ಹದ್ದಿನ ಚಿತ್ರದ ಲೇಬಲ್ಲು ಬಡಿದೆ,
ಬರೆದದ್ದೇನೆಂದು ಇಬ್ಬರಿಗೂ ತಿಳಿಯದು.

ಹಿಂಡು ಹೋದಮೇಲೆ ಇನ್ನೂ ಸುದ್ದಿ ಬಂದಿಲ್ಲ.
ಮಳೆಯಲ್ಲಿ ಜಾಲರಿ ಹೇಗೋ, ಪಟ್ಟಿ ಹೆಗಲು ಕೊಯ್ಯುತ್ತದೋ,
ಕಾಗದದ ನಮೂನೆಯನ್ನು ಮೊಳೆಗೆ ಸಿಕ್ಕಿಸಿಟ್ಟಿದ್ದೇನೆ,
ತಿದ್ದಲು ಅಂಚಿನಲ್ಲಿ ಜಾಗ ಬಿಟ್ಟು.

ಕುರಿ ತಿಂದ ಟೇಪನ್ನು ಬದಲಿಸಿಲ್ಲ.
ಅದು ಈಗ ಮೂರರಿಂದ ಶುರುವಾಗುತ್ತದೆ.
ಯಾರ ಸೊಂಟಕ್ಕೆ ಸುತ್ತಿದರೂ
ಮನಸ್ಸಿನಲ್ಲೇ ಮೂರು ಕಳೆದು ಬರೆಯುತ್ತೇನೆ.